ಐನೂರು ಪ್ರತಿಯ ಇತಿಹಾಸ: ಸಣ್ಣ ಪ್ರಕಾಶನದ ಒಳಲೆಕ್ಕ

ಒಂದು ಲೆಕ್ಕದಿಂದಲೇ ಶುರು ಮಾಡೋಣ. ಡೆಮಿ 1/8 ಅಳತೆಯ (ಸಾಮಾನ್ಯ ಪುಸ್ತಕದ ಅಳತೆ), 256 ಪುಟದ ಒಂದು ಇತಿಹಾಸ ಪುಸ್ತಕ. ಮುಖಬೆಲೆ 320 ರೂಪಾಯಿ ಎಂದಿಟ್ಟುಕೊಳ್ಳಿ. ಅಂಗಡಿಗೆ ನೂರಕ್ಕೆ 35ರಂತೆ ರಿಯಾಯಿತಿ ಕೊಟ್ಟರೆ 112 ರೂಪಾಯಿ ಅಲ್ಲೇ ಹೋಯಿತು. ಲೇಖಕರ ಗೌರವಧನ ನೂರಕ್ಕೆ 10, ಅಂದರೆ 32. ಉಳಿದದ್ದು 176. 500 ಪ್ರತಿ ಹಾಕಿಸಿದರೆ ಕಾಗದ, ಮುದ್ರಣ, ಬೈಂಡಿಂಗ್ ಸೇರಿ ಪ್ರತಿಗೆ 95 ಬಿತ್ತು ಎಂದು ಹಿಡಿಯಿರಿ. ನಿಮ್ಮ ಊರಿನ ದರ ಹೆಚ್ಚುಕಡಿಮೆ ಇರಬಹುದು, ಲೆಕ್ಕ ಹಾಕುವ ದಾರಿ ಮಾತ್ರ ಇದೇ. ಐನೂರರಲ್ಲಿ ಲೇಖಕರಿಗೆ, ಕಾನೂನಿನ ಪ್ರಕಾರ ಗ್ರಂಥಾಲಯಗಳಿಗೆ, ವಿಮರ್ಶೆಗೆ ಎಂದು 50 ಪ್ರತಿ ಹೋಗುತ್ತವೆ. ಮಿಕ್ಕ 450 ಪ್ರತಿ ಒಂದೂ ಬಿಡದೆ ಮಾರಾಟವಾದರೆ 79,200 ರೂಪಾಯಿ. ಅದರಲ್ಲಿ ಮುದ್ರಣದ 47,500 ಕಳೆಯಿರಿ. 31,700 ಉಳಿಯಿತು. ಸಂಪಾದನೆ, ಡಿಟಿಪಿ (ಗಣಕದಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವುದು), ಕರಡು ತಿದ್ದುವುದು, ನಕ್ಷೆ, ಚಿತ್ರಗಳ ಅನುಮತಿ, ಪದಸೂಚಿ, ಮುಖಪುಟ, ಅಂಚೆ ಎಲ್ಲವೂ ಇಷ್ಟರಲ್ಲೇ ಆಗಬೇಕು.

ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಎಂದು ಸಮಾಧಾನ ಪಡುವವರಿದ್ದಾರೆ. ಕಾಗದಕ್ಕೂ ಮುದ್ರಣದ ಕೆಲಸಕ್ಕೂ ಇದೆಯಲ್ಲ! ಮಾರುವ ವಸ್ತುವಿಗೆ ತೆರಿಗೆ ಇಲ್ಲದ ಕಾರಣ, ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಹಿಂಪಡೆಯಲು ದಾರಿಯೂ ಇಲ್ಲ. ಅದು ನೇರವಾಗಿ ನಿಮ್ಮ ಖರ್ಚಿಗೆ ಸೇರುತ್ತದೆ.

ಈ 31,700ನ್ನು ಎಲ್ಲಿ ಹಾಕಬೇಕು ಎಂಬುದೇ ಇವತ್ತಿನ ಮಾತು. ಹೆಚ್ಚಿನ ಪಾಲು ತಪಾಸಣೆಗೆ ಹೋಗಬೇಕು, ಮುಖಪುಟಕ್ಕೂ ಬಿಡುಗಡೆ ಸಮಾರಂಭಕ್ಕೂ ಉಳಿದರೆ ಉಳಿಯಲಿ ಎನ್ನುವುದು ನನ್ನ ನಿಲುವು. ಇದರಲ್ಲಿ ಆದರ್ಶದ ಮಾತೇನಿಲ್ಲ, ವ್ಯಾಪಾರದ ಮಾತೇ ಇದೆ. ಕಾದಂಬರಿ ಸಾಮಾನ್ಯವಾಗಿ ಮೊದಲ ವರ್ಷದಲ್ಲಿ ಎಷ್ಟು ಹೋಗಬೇಕೋ ಅಷ್ಟು ಹೋಗಿಬಿಡುತ್ತದೆ. ಇತಿಹಾಸದ ಪುಸ್ತಕ ನಿಧಾನಕ್ಕೆ ಹೋಗುತ್ತದೆ, ಆದರೆ ನಂಬಿಕೆಗೆ ಅರ್ಹವಾಗಿದ್ದರೆ ಹತ್ತು ವರ್ಷ ಹೋಗುತ್ತಲೇ ಇರುತ್ತದೆ. ಒಬ್ಬ ಸಂಶೋಧಕಿ ತನ್ನ ಪ್ರಬಂಧದಲ್ಲಿ ಉಲ್ಲೇಖಿಸಿದರೆ ಅವಳ ಮಾರ್ಗದರ್ಶಕರು ತರಿಸುತ್ತಾರೆ, ಅವರ ವಿಭಾಗದ ಗ್ರಂಥಾಲಯ ತರಿಸುತ್ತದೆ. ಅದೇ ಮೂವರಲ್ಲಿ ಒಬ್ಬರು ಎರಡು ಇಸವಿ ತಪ್ಪು ಕಂಡುಹಿಡಿದರೆ ಅಲ್ಲಿಗೆ ಮುಗಿಯಿತು.

ಸಾವಿರ ಪ್ರತಿ ಹಾಕಿಸಿದರೆ ದರ ಇಳಿಯುತ್ತದಲ್ಲ ಎಂದು ಕೇಳುತ್ತೀರಿ. ಇಳಿಯುತ್ತದೆ. ಪ್ರತಿಗೆ 75 ಆಯಿತು ಎನ್ನಿ, ಒಟ್ಟು 75,000. ಮೊದಲ ಐನೂರಕ್ಕೆ 47,500, ಇನ್ನೈನೂರಕ್ಕೆ ಬರೀ 27,500. ಬಹಳ ಅಗ್ಗವಾಗಿ ಕಾಣುತ್ತದೆ, ಎಡವುವುದೂ ಅಲ್ಲಿಯೇ. ಒಂದು ತಾಲ್ಲೂಕಿನ ನೇಕಾರರ ಇತಿಹಾಸಕ್ಕೋ, ಒಂದು ಬಂದರಿನ ಕೂಲಿಗಳ ಇತಿಹಾಸಕ್ಕೋ ಓದುಗರು ಎಷ್ಟಿದ್ದಾರೆ ಎಂದು ಮೊದಲೇ ಹೆಸರು ಬರೆದು ಪಟ್ಟಿ ಮಾಡಿ ನೋಡಿ. 400 ದಾಟುವುದು ಕಷ್ಟ. ದಾಟಿದರೆ ಮರುಮುದ್ರಣ ಮಾಡಬಹುದು. ದಾಟದಿದ್ದರೆ ಆ 27,500 ಗೆದ್ದಲಿನ ಪಾಲು.

ಮುದ್ರಣ ನಂತರದ ಮಾತು. ಮೊದಲು ಹಸ್ತಪ್ರತಿ ಕೈಗೆ ಬಂದಾಗ ಏನು ನೋಡಬೇಕು ಎಂಬುದಕ್ಕೆ ಬರುತ್ತೇನೆ.

ಕರ್ನಾಟಕದ ಇತಿಹಾಸ ಪ್ರಕಟಿಸುವವರಿಗೆ ಒಂದು ವಿಶೇಷ ತಾಪತ್ರಯವಿದೆ. ಏಕೀಕರಣಕ್ಕೆ ಮೊದಲು ಈ ನಾಡು ದೊಡ್ಡದಾಗಿ ಐದು ಆಡಳಿತಗಳಲ್ಲಿ ಹಂಚಿಹೋಗಿತ್ತು: ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ್ಯ, ಮದರಾಸು ಪ್ರಾಂತ್ಯ, ನಿಜಾಮರ ಹೈದರಾಬಾದು, ಕೊಡಗು. ಜೊತೆಗೆ ಜಮಖಂಡಿ, ಮುಧೋಳ, ಸವಣೂರು, ಸಂಡೂರಿನಂಥ ಪುಟ್ಟ ಸಂಸ್ಥಾನಗಳು. 1956ರ ನವೆಂಬರ್ 1ರಂದು ಜಿಲ್ಲೆಗಳು ಒಂದಾದವು, ಹಳೆಯ ಕಡತಗಳು ಬಹುಮಟ್ಟಿಗೆ ಇದ್ದಲ್ಲೇ ಉಳಿದವು. ಹಾಗಾಗಿ 1942ರ ಈಸೂರಿನ ಹೋರಾಟದ ಬಗ್ಗೆ ಬರೆಯುವವರು ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋದರೆ ಕೆಲಸ ಶುರುವಾಗುತ್ತದೆ, ಈಸೂರು ಇರುವ ಶಿಕಾರಿಪುರ ತಾಲ್ಲೂಕು ಮೈಸೂರು ಸಂಸ್ಥಾನದಲ್ಲಿತ್ತು. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಬಗ್ಗೆ ಬರೆಯುವವರು ಮುಂಬಯಿಗೆ ಹೋಗಬೇಕು. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದರಾಸಿನಲ್ಲಿತ್ತು, ಅದರ ಕಡತ ಚೆನ್ನೈನ ಎಗ್ಮೋರಿನ ಪತ್ರಾಗಾರದಲ್ಲಿ. ಬೀದರ್, ಕಲಬುರಗಿ, ರಾಯಚೂರಿಗೆ ಹೈದರಾಬಾದು.

ಉತ್ತರ ಕನ್ನಡದ್ದು ಇನ್ನೂ ಸೂಕ್ಷ್ಮ. ಆ ಜಿಲ್ಲೆ 1862ರಲ್ಲಿ ಮದರಾಸಿನಿಂದ ಮುಂಬಯಿಗೆ ಹೋಯಿತು. ಕಾರವಾರದ ಬಗ್ಗೆ 1850ರ ಸಂಗತಿ ಹೇಳಿ ಕೆಳಗೆ ಮುಂಬಯಿ ಸರ್ಕಾರದ ಕಡತ ಎಂದು ಉಲ್ಲೇಖಿಸಿದ್ದರೆ ಅಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. ಬಹುಶಃ ಯಾರದೋ ಪುಸ್ತಕದಿಂದ ಎತ್ತಿದ ಉಲ್ಲೇಖ ಅದು.

ಇಷ್ಟು ತಿಳಿದಿದ್ದರೆ ಹಸ್ತಪ್ರತಿಯನ್ನು ಅರ್ಧ ಗಂಟೆಯಲ್ಲಿ ತೂಗಿ ನೋಡಬಹುದು. ವಿಷಯ ಯಾವ ಜಿಲ್ಲೆಯದು, ಯಾವ ಕಾಲದ್ದು, ಆಗ ಆ ಜಿಲ್ಲೆ ಯಾರ ಕೈಯಲ್ಲಿತ್ತು, ಆ ಆಡಳಿತದ ಒಂದಾದರೂ ಮೂಲ ದಾಖಲೆ ಅಡಿಟಿಪ್ಪಣಿಯಲ್ಲಿ ಇದೆಯೇ. ಹಾಗೆಯೇ ಭಾಷೆಯನ್ನೂ ನೋಡಿ. ಧಾರವಾಡ, ಬೆಳಗಾವಿ ಭಾಗದ ಹಳೆಯ ದಫ್ತರಗಳಲ್ಲಿ ಮೋಡಿ ಲಿಪಿಯ ಮರಾಠಿ ಸಿಗುತ್ತದೆ, ಹೈದರಾಬಾದಿನ ಕಡತಗಳಲ್ಲಿ ಉರ್ದು. ಲೇಖಕರಿಗೆ ಆ ಭಾಷೆ ಬಾರದೆ ಇರಬಹುದು, ಅದರಲ್ಲಿ ತಪ್ಪೇನಿಲ್ಲ. ಯಾರು ಓದಿಕೊಟ್ಟರು ಎಂಬುದು ಪುಸ್ತಕದಲ್ಲಿ ಇರಬೇಕು. ಓದಿಕೊಟ್ಟವರಿಗೆ ಸಂಭಾವನೆಯೂ ಸಲ್ಲಬೇಕು, ಅದು ನಿಮ್ಮ ಆಯವ್ಯಯದಲ್ಲಿ ಒಂದು ಸಾಲು.

ಇನ್ನು ಇಸವಿ. ಶಾಸನ, ಕಡತ, ಬಖೈರು (ಹಳೆಯ ಚರಿತ್ರೆಯ ಬರಹ) ಯಾವುದನ್ನು ಮುಟ್ಟಿದರೂ ಶಕವರ್ಷ ಎದುರಾಗುತ್ತದೆ. ಎಲ್ಲರೂ 78 ಕೂಡಿಸಿ ಮುಂದೆ ಹೋಗುತ್ತಾರೆ. ಶಕವರ್ಷ ಯುಗಾದಿಗೆ ಶುರುವಾಗುತ್ತದೆ. ಹಾಗಾಗಿ ಜನವರಿ, ಫೆಬ್ರವರಿಯಲ್ಲಿ ಮತ್ತು ಯುಗಾದಿವರೆಗಿನ ಮಾರ್ಚ್ ದಿನಗಳಲ್ಲಿ ನಡೆದದ್ದಕ್ಕೆ 79 ಕೂಡಿಸಬೇಕು. ಎಲ್ಲರಿಗೂ ಗೊತ್ತಿರುವ ಉದಾಹರಣೆ ತೆಗೆದುಕೊಳ್ಳಿ: ರಕ್ಕಸತಂಗಡಿ ಯುದ್ಧ ನಡೆದದ್ದು 1565ರ ಜನವರಿಯಲ್ಲಿ, ಅದು ಶಕ 1486. ಕಣ್ಣುಮುಚ್ಚಿ 78 ಕೂಡಿಸಿದರೆ 1564 ಆಗುತ್ತದೆ. ಇಷ್ಟು ದೊಡ್ಡ ಘಟನೆಯಲ್ಲಿ ತಪ್ಪಾದರೆ ಯಾರಾದರೂ ಹಿಡಿಯುತ್ತಾರೆ. ಒಂದು ಊರಿನ ಕೆರೆ ದಾನದಲ್ಲಿ ತಪ್ಪಾದರೆ ಯಾರೂ ಹಿಡಿಯುವುದಿಲ್ಲ, ತಪ್ಪು ಹಾಗೇ ಮುಂದಿನ ಪುಸ್ತಕಗಳಿಗೆ ಹರಿಯುತ್ತದೆ. ಮೂಲದಲ್ಲಿ ಸಂವತ್ಸರದ ಹೆಸರೂ ಇದ್ದರೆ ಅದೇ ನಿಮ್ಮ ತಾಳೆ. ಶಕ 1486ಕ್ಕೆ ರಕ್ತಾಕ್ಷಿ ಬರಬೇಕು. ಬೇರೆ ಸಂವತ್ಸರ ಇದ್ದರೆ ಗತವರ್ಷ (ಮುಗಿದ ವರ್ಷ), ವರ್ತಮಾನ ವರ್ಷದ (ನಡೆಯುತ್ತಿರುವ ವರ್ಷ) ಗೊಂದಲವೋ ಓದಿನ ದೋಷವೋ ಇದೆ ಎಂದು ತಿಳಿಯಿರಿ.

ಹೈದರಾಬಾದು ಕಡತಗಳಲ್ಲಿ ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ ವರ್ಷ. ಅದಕ್ಕೆ 590 ಕೂಡಿಸಿದರೆ ವರ್ಷ ಶುರುವಾಗುವ ಇಸವಿ ಸಿಗುತ್ತದೆ. ಫಸಲಿ 1357 ಅಂದರೆ 1947ರ ಅಕ್ಟೋಬರಿನಿಂದ ಒಂದು ವರ್ಷ. ಹೈದರಾಬಾದು ಕರ್ನಾಟಕದ ವಿಮೋಚನೆಯ ಬಗ್ಗೆ ಬರೆಯುವವರಿಗೆ ಇದು ಬಹಳ ಮುಖ್ಯ, ಏಕೆಂದರೆ 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆವರೆಗಿನ ಇಡೀ ಗಲಾಟೆ ಬಹುತೇಕ ಆ ಒಂದೇ ಫಸಲಿ ವರ್ಷದೊಳಗೆ ಬರುತ್ತದೆ. ಅದನ್ನು 1947 ಎಂದು ಮಾತ್ರ ಬರೆದುಬಿಟ್ಟರೆ ಘಟನೆಗಳ ಕ್ರಮವೇ ತಲೆಕೆಳಗಾಗುತ್ತದೆ.

ಹಣದ ವಿಷಯಕ್ಕೂ ಒಂದು ಮಾತು. 1957ರ ಏಪ್ರಿಲ್ 1ಕ್ಕೆ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಕೂಲಿ "3-4-6" ಎಂದು ದಾಖಲೆಯಲ್ಲಿದ್ದರೆ ಮೂರು ರೂಪಾಯಿ ನಾಲ್ಕಾಣೆ ಆರು ಪೈ. ಡಿಟಿಪಿ ಮಾಡುವವರು ಅದನ್ನು ದಿನಾಂಕ ಎಂದುಕೊಂಡು ಮಧ್ಯದ ಗೆರೆ ತೆಗೆದು ಚುಕ್ಕಿ ಹಾಕುವುದುಂಟು. ಕೋಷ್ಟಕಗಳ ಕರಡನ್ನು ಪಠ್ಯದ ಜೊತೆ ಓದಬೇಡಿ. ಬೇರೆ ದಿನ, ಇಬ್ಬರು ಕೂತು, ಒಬ್ಬರು ಮೂಲ ಓದಿ ಇನ್ನೊಬ್ಬರು ಕರಡು ನೋಡಿ.

ಈಗ ಅಡಿಟಿಪ್ಪಣಿ. "ಮೈಸೂರು ಗೆಜೆಟಿಯರ್, ಸಂ. 2, ಪು. 212" ಎಂಬ ರೂಪದ ಉಲ್ಲೇಖ ನೀವು ನೂರಾರು ಬಾರಿ ನೋಡಿದ್ದೀರಿ. ನೋಡಲು ಅಚ್ಚುಕಟ್ಟಾಗಿದೆ. ಗೆಜೆಟಿಯರ್ ಅಂದರೆ ನಾಡಿನ ವಿವರಗಳ ಸರ್ಕಾರಿ ಗ್ರಂಥ. ಯಾವ ಗೆಜೆಟಿಯರ್? ಬಿ.ಎಲ್. ರೈಸ್ ಅವರ ಮೊದಲ ಆವೃತ್ತಿ 1870ರ ದಶಕದ್ದು, ಪರಿಷ್ಕೃತ ಆವೃತ್ತಿ 1897ರದ್ದು. ಸಿ. ಹಯವದನ ರಾವ್ ಅವರದ್ದು 1927ರಿಂದ 1930. ಮೂರರಲ್ಲೂ ಎರಡನೇ ಸಂಪುಟ ಇದೆ, ಮೂರರಲ್ಲೂ 212ನೇ ಪುಟದಲ್ಲಿ ಬೇರೆ ಬೇರೆ ಸಂಗತಿ ಇರುತ್ತದೆ. ಓದುಗ ಮೂರು ಪುಸ್ತಕ ತೆರೆಯಬೇಕು. ಒಬ್ಬರೂ ತೆರೆಯುವುದಿಲ್ಲ.

ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಇದಕ್ಕಿಂತ ಅಪಾಯ. ಹಳೆಯ ಆವೃತ್ತಿಯನ್ನು ಆಗಿನ ಜಿಲ್ಲೆಗಳ ಪ್ರಕಾರ ಮಾಡಿದ್ದರು. ಹಾಸನ ಜಿಲ್ಲೆ ಐದನೇ ಸಂಪುಟ, ಬೆಂಗಳೂರು ಒಂಬತ್ತನೇದು. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ಜೋಡಣೆಯೇ ಬೇರೆ. ಬೇಲೂರಿನ ಶಾಸನಗಳು ಹಳೆಯದರಲ್ಲಿ ಐದನೇ ಸಂಪುಟ, ಹೊಸದರಲ್ಲಿ ಒಂಬತ್ತನೇ ಸಂಪುಟ. ಶಾಸನದ ಸಂಖ್ಯೆಗಳೂ ಬದಲಾಗಿವೆ. ಲೇಖಕರು ಮೊದಲ ಅಧ್ಯಾಯಕ್ಕೆ ಹಳೆಯದನ್ನು, ನಾಲ್ಕನೇ ಅಧ್ಯಾಯಕ್ಕೆ ಹೊಸದನ್ನು ಬಳಸಿರುತ್ತಾರೆ, ಎರಡಕ್ಕೂ "ಎ.ಕ." ಎಂದೇ ಸಂಕ್ಷೇಪ. ಪರಿಹಾರ ಸುಲಭ: ಹೊಸ ಆವೃತ್ತಿಗೆ ಆವರಣದಲ್ಲಿ "ಪ" ಎಂದು ಸೇರಿಸಿ, ಸಂಕ್ಷೇಪಗಳ ಪಟ್ಟಿಯಲ್ಲಿ ಅದನ್ನು ಹೇಳಿ. ಆದರೆ ಈ ಕೆಲಸ ಲೇಖಕರಿಂದಲೇ ಆಗಬೇಕು, ನೀವು ಊಹಿಸಿ ಹಾಕುವುದಲ್ಲ.

ಎಲ್ಲ ಟಿಪ್ಪಣಿ ತಪಾಸಣೆ ಮಾಡಲು ಸಣ್ಣ ಪ್ರಕಾಶಕರಿಗೆ ಆಗದು. ಅದಕ್ಕೆ ಒಂದು ಪದ್ಧತಿ ಇಟ್ಟುಕೊಳ್ಳಿ. ಅಲ್ಲಲ್ಲಿಂದ ಹತ್ತು ಟಿಪ್ಪಣಿ ಆರಿಸಿ, ಎಲ್ಲವೂ ಒಂದೇ ಅಧ್ಯಾಯದ್ದಾಗಿರಬಾರದು. ಗ್ರಂಥಾಲಯಕ್ಕೆ ಹೋಗಿ ಮೂಲ ತೆರೆದು ಮೂರು ವಿಷಯ ನೋಡಿ. ಪುಟ ಸರಿಯೇ? ಅಲ್ಲಿ ಹೇಳಿದ್ದು ಇಲ್ಲಿ ಹೇಳಿದ್ದೇ? ಉದ್ಧರಣ ಚಿಹ್ನೆಯೊಳಗಿನ ಮಾತು ಅಕ್ಷರಶಃ ಇದೆಯೇ? ಹತ್ತರಲ್ಲಿ ಒಂದು ತಪ್ಪಿದರೆ ತಿದ್ದಿಸಿ. ಎರಡು ತಪ್ಪಿದರೆ ಇಡೀ ಹಸ್ತಪ್ರತಿಯನ್ನು ವಾಪಸು ಕೊಟ್ಟು, ಎಲ್ಲ ಟಿಪ್ಪಣಿಗಳನ್ನೂ ಲೇಖಕರೇ ಮತ್ತೆ ನೋಡಲಿ ಎಂದು ಹೇಳಿ. ಮನಸ್ತಾಪ ಆಗುತ್ತದೆ. ಒಪ್ಪಂದದಲ್ಲೇ ಈ ಷರತ್ತು ಬರೆದಿದ್ದರೆ ಮನಸ್ತಾಪ ಕಡಿಮೆ.

ಮೂಲಗಳೇ ಒಂದಕ್ಕೊಂದು ಒಪ್ಪದ ಸಂದರ್ಭಗಳಿವೆ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಸ್ವಾತಂತ್ರ್ಯ ಚಳವಳಿಯವರ ಸಭೆಯ ಮೇಲೆ ಗೋಲಿಬಾರ್ ಆಯಿತು. ಸತ್ತವರೆಷ್ಟು ಎಂಬುದಕ್ಕೆ ಸರ್ಕಾರದ ಲೆಕ್ಕ ಒಂದು, ಚಳವಳಿಯವರ ಲೆಕ್ಕ ಇನ್ನೊಂದು. ಇಂಥ ಕಡೆ ಸರಾಸರಿ ತೆಗೆಯುವ, ಅಥವಾ ದೊಡ್ಡ ಸಂಖ್ಯೆ ಬರೆದರೆ ದೇಶಭಕ್ತಿ, ಸಣ್ಣದು ಬರೆದರೆ ದ್ರೋಹ ಎಂದುಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಎರಡೂ ಸಂಖ್ಯೆ ಕೊಡಿ, ಯಾವುದು ಯಾರದ್ದು ಎಂದು ಹೇಳಿ, ಸತ್ತವರ ಹೆಸರಿನ ಪಟ್ಟಿ ಎಲ್ಲಾದರೂ ಸಿಕ್ಕರೆ ಅದನ್ನು ಅನುಬಂಧದಲ್ಲಿ ಹಾಕಿ. ಹೆಸರಿನ ಪಟ್ಟಿ ವಾದ ಮಾಡುವುದಿಲ್ಲ, ಓದುಗರೇ ಎಣಿಸಿಕೊಳ್ಳುತ್ತಾರೆ.

ಸಾಮಾಜಿಕ ಇತಿಹಾಸದಲ್ಲಿ ಮೌಖಿಕ ಹೇಳಿಕೆಗಳು ಬೇಕೇ ಬೇಕು. ಒಂದು ಗಂಟೆಯ ಧ್ವನಿಮುದ್ರಣವನ್ನು ಬರಹಕ್ಕೆ ಇಳಿಸಲು ಐದಾರು ಗಂಟೆ ಹಿಡಿಯುತ್ತದೆ, ಗಟ್ಟಿ ಆಡುಮಾತಾದರೆ ಇನ್ನೂ ಹೆಚ್ಚು. ಕೊಪ್ಪಳದ ಅಜ್ಜಿಯ ಮಾತನ್ನು ಬೆಂಗಳೂರಿನ ಪತ್ರಿಕೆಯ ಕನ್ನಡಕ್ಕೆ ತಿರುಗಿಸಬೇಡಿ. ಹೇಳಿದವರ ಒಪ್ಪಿಗೆಪತ್ರ ಸರಳ ಕನ್ನಡದಲ್ಲಿ, ಒಂದೇ ಪುಟದಲ್ಲಿ ಇರಲಿ: ನಿಜವಾದ ಹೆಸರು ಹಾಕಬಹುದೇ, ಧ್ವನಿಮುದ್ರಣ ಎಲ್ಲಿ ಉಳಿಯುತ್ತದೆ, ಮುದ್ರಣಕ್ಕೆ ಹೋಗುವ ಮುನ್ನ ಮಾತನ್ನು ಹಿಂತೆಗೆದುಕೊಳ್ಳಲು ಯಾವ ದಿನಾಂಕದವರೆಗೆ ಅವಕಾಶ. ಓದಲು ಬಾರದವರಿಗೆ ಓದಿ ಹೇಳಿ, ಓದಿ ಹೇಳಿದ್ದನ್ನೂ ಧ್ವನಿಮುದ್ರಿಸಿಕೊಳ್ಳಿ.

ಹಳೆಯ ಚಿತ್ರ, ಪತ್ರಗಳ ಹಕ್ಕು ಎಲ್ಲರೂ ಹಗುರವಾಗಿ ತೆಗೆದುಕೊಳ್ಳುವ ವಿಷಯ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರಹಗಾರರು ಬದುಕಿದ್ದಾಗಲೇ ಪ್ರಕಟವಾದ ಬರಹಕ್ಕೆ, ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಪತ್ರದ ಹಕ್ಕು ಬರೆದವರದ್ದು, ಪಡೆದವರದ್ದಲ್ಲ. ಟ್ರಂಕಿನಲ್ಲಿ ಪತ್ರದ ಕಟ್ಟು ಇಟ್ಟುಕೊಂಡಿರುವ ಮೊಮ್ಮಗ "ಹಾಕಿಕೊಳ್ಳಿ" ಎಂದರೆ ಅದು ಕಾಗದವನ್ನು ಕೊಟ್ಟ ಹಾಗಾಯಿತು, ಹಕ್ಕು ಕೊಟ್ಟ ಹಾಗಲ್ಲ. ಬರೆದವರ ವಾರಸುದಾರರನ್ನು ಹುಡುಕಿ. ಸಾರ್ವಜನಿಕ ಗ್ರಂಥಾಲಯದಲ್ಲೋ ವಸ್ತುಸಂಗ್ರಹಾಲಯದಲ್ಲೋ ಇರುವ ಅಪ್ರಕಟಿತ ಬರಹಕ್ಕೆ, ಬರೆದವರು ತೀರಿ 60 ವರ್ಷ ದಾಟಿದ್ದರೆ, 52ನೇ ಕಲಂನಲ್ಲಿ ವಿನಾಯಿತಿ ಇದೆ. ಮನೆಯ ಟ್ರಂಕಿಗೆ ಆ ವಿನಾಯಿತಿ ಇಲ್ಲ.

ಇನ್ನು ಕುಟುಂಬಗಳ, ಜಾತಿಗಳ ಬಗ್ಗೆ ಬರೆಯುವಾಗ: ತೀರಿಕೊಂಡವರ ಬಗ್ಗೆ ಬರೆದರೂ ಮನೆಯವರ ಭಾವನೆಗೆ ನೋವಾಗುವಂತಿದ್ದರೆ ಮಾನಹಾನಿಯ ಪ್ರಶ್ನೆ ಬರಬಹುದು, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಓದಿಕೊಳ್ಳಿ. ಗುಂಪುಗಳ ನಡುವೆ ವೈರ ಬೆಳೆಸುವುದರ ಬಗೆಗಿನ 196, ಧಾರ್ಮಿಕ ಭಾವನೆ ಕೆರಳಿಸುವುದರ ಬಗೆಗಿನ 299 ಕೂಡ. ಹೆದರಿ ಅಧ್ಯಾಯ ಕಿತ್ತುಹಾಕಿ ಎನ್ನುತ್ತಿಲ್ಲ. ಅಂಥ ಒಂದೆರಡು ಅಧ್ಯಾಯಗಳನ್ನು ಮಾತ್ರ ವಕೀಲರಿಗೆ ಓದಿಸಿ. ಇಡೀ ಪುಸ್ತಕ ಓದಿಸಿದರೆ ಶುಲ್ಕವೂ ಹೆಚ್ಚು, ವಕೀಲರು ಪ್ರತಿ ಪುಟದಲ್ಲೂ ಏನಾದರೊಂದು ಹೇಳುತ್ತಾರೆ.

ನಕ್ಷೆ. ಭಾರತದ ಹೊರಗಡಿ ಕಾಣುವ ಯಾವ ನಕ್ಷೆಯಾದರೂ ಸರ್ವೇ ಆಫ್ ಇಂಡಿಯಾದ ಗಡಿಗೆ ಹೊಂದಬೇಕು, ತಪ್ಪು ಗಡಿ ಪ್ರಕಟಿಸುವುದು 1961ರ ಕಾಯ್ದೆಯಡಿ ಅಪರಾಧ. ಅಂತರಜಾಲದಿಂದ ಎತ್ತಿದ ವಿದೇಶಿ ನಕ್ಷೆಗಳಲ್ಲಿ ಕಾಶ್ಮೀರದ ಗಡಿ ಹೇಗೆ ಬಂದಿರುತ್ತದೆ ಎಂಬುದು ಗೊತ್ತೇ ಇದೆ. ಇತಿಹಾಸದ ಪುಸ್ತಕಕ್ಕೆ ಬಹುಪಾಲು ಆ ಗೋಜೇ ಬೇಡ. ಹದಿನಾರನೇ ಶತಮಾನದ ಕತೆಗೆ ನದಿ, ಘಟ್ಟ, ಕರಾವಳಿ, ಹತ್ತು ಊರು ಸಾಕು, ಇವತ್ತಿನ ಗಡಿ ಯಾಕೆ ಬೇಕು? ಪಠ್ಯದಲ್ಲಿ ಬರುವ ಪ್ರತಿ ಊರೂ ನಕ್ಷೆಯಲ್ಲಿ ಇದೆಯೇ, ನಕ್ಷೆಯ ಪ್ರತಿ ಊರೂ ಪಠ್ಯದಲ್ಲಿ ಬರುತ್ತದೆಯೇ ಎಂದು ಎರಡೂ ಕಡೆಯಿಂದ ತಾಳೆ ಹಾಕಿ. ಎರಡನೇದನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ನಮ್ಮ ನಕ್ಷೆಗಳು ಗಿಜಿಗುಡುತ್ತವೆ.

ಅಕ್ಷರಜೋಡಣೆಯಲ್ಲಿ ಇವತ್ತಿಗೂ ದೊಡ್ಡ ತೊಡಕು ಹಳೆಯ ನುಡಿ ಫಾಂಟಿನಲ್ಲಿ ಬಂದ ಕಡತ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿದಾಗ ಸಾಮಾನ್ಯ ಪಠ್ಯ ಚೆನ್ನಾಗಿಯೇ ಬರುತ್ತದೆ. ಕೆಡುವುದು ಅರ್ಕಾವತ್ತು, ವಟ್ರಸುಳಿ, ಎರಡು ಒತ್ತಿರುವ ಅಕ್ಷರಗಳು, ನಡುವೆ ಬಂದ ಇಂಗ್ಲಿಷ್ ಹೆಸರುಗಳು, ಟಿಪ್ಪಣಿಯ ಸಂಖ್ಯೆಗಳು. ಇಂಗ್ಲಿಷ್ ಪದ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಬದಲಾದರೆ ಕಣ್ಣಿಗೆ ಕಾಣುತ್ತದೆ. ಟಿಪ್ಪಣಿ ಸಂಖ್ಯೆ ಉದುರಿ ಹೋದರೆ ಕಾಣುವುದಿಲ್ಲ. ಆದ್ದರಿಂದ ಪರಿವರ್ತನೆಗೆ ಮೊದಲು ಪ್ರತಿ ಅಧ್ಯಾಯದ ಟಿಪ್ಪಣಿಗಳನ್ನು ಎಣಿಸಿ ಬರೆದಿಟ್ಟುಕೊಂಡು, ಆಮೇಲೆ ಮತ್ತೆ ಎಣಿಸಿ. ಹಳೆಯ ಫಾಂಟಿನಲ್ಲೇ, ಪುಟ ಕಟ್ಟುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ನಲ್ಲೇ ಪುಟ ಕಟ್ಟಿ ಮುಗಿಸಿದರೆ ಪುಸ್ತಕ ಬರುತ್ತದೆ, ಆದರೆ ಮುಂದೆ ಇ-ಪುಸ್ತಕ ಮಾಡುವಾಗ ಮೊದಲಿಂದ ಶುರು ಮಾಡಬೇಕು.

ಪದಸೂಚಿಯ ಬಗ್ಗೆ ಸ್ವಲ್ಪ ನಿಧಾನಿಸುತ್ತೇನೆ, ಕನ್ನಡ ಪುಸ್ತಕಗಳಲ್ಲಿ ಅತ್ಯಂತ ಅನಾದರಕ್ಕೆ ಒಳಗಾಗಿರುವ ಭಾಗ ಅದು. "ಕನ್ನಡದಲ್ಲಿ ಪದಸೂಚಿ ಯಾರು ನೋಡುತ್ತಾರೆ" ಎನ್ನುತ್ತಾರೆ. ಇಲ್ಲದ್ದನ್ನು ನೋಡುವುದು ಹೇಗೆ? 256 ಪುಟದ ಪುಸ್ತಕಕ್ಕೆ ಎಂಟರಿಂದ ಹತ್ತು ಪುಟದ ಸೂಚಿ ಬೇಕು. ಪುಟಸಂಖ್ಯೆ ಪೂರ್ತಿ ನಿಂತ ಮೇಲೆಯೇ ಇದಕ್ಕೆ ಕೈ ಹಾಕಬೇಕು. ಸೂಚಿ ಮುಗಿದ ಮೇಲೆ ಲೇಖಕರು ಒಂದು ಪ್ಯಾರಾ ಸೇರಿಸಿದರೆ ಅಲ್ಲಿಂದಾಚೆ ಎಲ್ಲ ಹಾಳು. ಹುಡುಕುವಾಗ ನಮ್ಮ ವಿಭಕ್ತಿಯನ್ನು ಮರೆಯಬೇಡಿ. "ಕಿತ್ತೂರು" ಎಂದು ಹುಡುಕಿದರೆ ಕಿತ್ತೂರಿನ, ಕಿತ್ತೂರಿಗೆ, ಕಿತ್ತೂರಲ್ಲಿ ಯಾವುದೂ ಸಿಗುವುದಿಲ್ಲ. "ಕಿತ್ತೂ" ಎಂದಷ್ಟೇ ಕೊಡಿ, ಎಲ್ಲವೂ ಬರುತ್ತವೆ. ಬಂದದ್ದನ್ನೆಲ್ಲ ಸೂಚಿಗೆ ಹಾಕುವ ಅಗತ್ಯವಿಲ್ಲ, ಊರಿನ ಬಗ್ಗೆ ಏನಾದರೂ ಹೇಳಿರುವ ಪುಟ ಮಾತ್ರ ಸಾಕು. ಒಂದು ಹೆಸರಿನ ಮುಂದೆ ನಲವತ್ತು ಪುಟಸಂಖ್ಯೆ ಸುರಿದರೆ ಅದರಿಂದ ಯಾರಿಗೂ ಉಪಯೋಗವಿಲ್ಲ. ಅಲ್ಲಿ ಒಳಶೀರ್ಷಿಕೆ ಕೊಡಿ: ಕಂದಾಯ, ಕೋಟೆ, ದಂಗೆ.

ಸೂಚಿ ಮಾಡುವಾಗಲೇ ಲೇಖಕರ ಸಡಿಲ ಎಳೆಗಳು ಹೊರಬರುತ್ತವೆ. ಪಠ್ಯದಲ್ಲಿ "ಕೃಷ್ಣರಾಜ ಒಡೆಯರ್" ಎಂದಷ್ಟೇ ಇದ್ದರೆ, ಸೂಚಿ ಮಾಡುವವರು ಮುಮ್ಮಡಿಯೋ ನಾಲ್ವಡಿಯೋ ಎಂದು ಕೇಳಲೇಬೇಕು. ಒಬ್ಬರು 1868ರಲ್ಲಿ ತೀರಿಕೊಂಡವರು, ಇನ್ನೊಬ್ಬರು 1884ರಲ್ಲಿ ಹುಟ್ಟಿದವರು. ಬಿಜಾಪುರ ಒಂದು ಕಡೆ, ವಿಜಯಪುರ ಇನ್ನೊಂದು ಕಡೆ ಇದ್ದರೂ ಇಲ್ಲೇ ಸಿಕ್ಕಿಬೀಳುತ್ತದೆ. 2014ರ ನವೆಂಬರ್ 1ರ ಮರುನಾಮಕರಣವನ್ನು ಹಳೆಯ ಕಾಲಕ್ಕೆ ಎಳೆಯಬೇಡಿ. ಆದಿಲ್‌ಶಾಹಿಗಳ ರಾಜಧಾನಿ ಬಿಜಾಪುರವೇ ಆಗಿರಲಿ, ಸೂಚಿಯಲ್ಲಿ "ವಿಜಯಪುರ: ನೋಡಿ ಬಿಜಾಪುರ" ಎಂದು ಹಾಕಿದರೆ ಸಾಕು.

ಇನ್ನು ಪ್ರೆಸ್ಸಿಗೆ ಹೋಗೋಣ. ಡೆಮಿ 1/8ರಲ್ಲಿ ಒಂದು ಫಾರಂ ಅಂದರೆ 16 ಪುಟ. 256 ಪುಟ ಸರಿಯಾಗಿ 16 ಫಾರಂ. ಪಠ್ಯ 259ಕ್ಕೆ ಮುಗಿದರೆ ಆ ಮೂರು ಪುಟಕ್ಕಾಗಿ ಇನ್ನೊಂದು ಫಾರಂ, 13 ಪುಟ ಖಾಲಿ. ಪುಟ ಕಟ್ಟುವಾಗಲೇ ಮುದ್ರಕರನ್ನು ಕೇಳಿಕೊಳ್ಳಿ. 23×36 ಇಂಚಿನ ಒಂದು ಹಾಳೆಯಲ್ಲಿ ಎರಡೂ ಬದಿ ಸೇರಿ 32 ಪುಟ. ಹಾಗಾಗಿ ಒಂದು ಪ್ರತಿಗೆ ಎಂಟು ಹಾಳೆ, 500 ಪ್ರತಿಗೆ 4,000 ಹಾಳೆ, ಅಂದರೆ ಎಂಟು ರೀಮು. ಹಾಳಾಗುವುದಕ್ಕೆ ಅರ್ಧ ರೀಮು ಸೇರಿಸಿ. 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ) ಮ್ಯಾಪ್‌ಲಿಥೋ ಕಾಗದ ಒಂದು ರೀಮು ಸುಮಾರು 18.7 ಕಿಲೋ, ಒಟ್ಟು 160 ಕಿಲೋ ಹತ್ತಿರ. ಬಿಲ್ಲಿನಲ್ಲಿ ಇದಕ್ಕಿಂತ ಬಹಳ ಹೆಚ್ಚಿದ್ದರೆ ಕೇಳುವ ಹಕ್ಕು ನಿಮಗಿದೆ. 18×23ರ ಯಂತ್ರದಲ್ಲಿ ಫಾರಂಗೆ ಎರಡು ಪ್ಲೇಟು, 16 ಫಾರಂಗೆ 32 ಪ್ಲೇಟು. ನೂರು ಪ್ರತಿಯಾದರೂ ಸಾವಿರವಾದರೂ ಪ್ಲೇಟಿನ ಖರ್ಚು ಅಷ್ಟೇ. ಇನ್ನೂರು ಮುನ್ನೂರು ಪ್ರತಿಯ ಒಳಗೆ ಡಿಜಿಟಲ್ ಮುದ್ರಣ ಲಾಭ ಎನ್ನುವುದು ಈ ಕಾರಣಕ್ಕೆ.

ಹಳೆಯ ಪುಸ್ತಕದಿಂದ ಚಿತ್ರ ಸ್ಕ್ಯಾನ್ ಮಾಡುವಾಗ ಅದರ ಚುಕ್ಕಿಗಳ ಮೇಲೆ ಹೊಸ ಚುಕ್ಕಿ ಬಿದ್ದು ಅಲೆಅಲೆಯಾಗಿ ಕಾಣುತ್ತದೆ, ಸ್ಕ್ಯಾನ್ ಮಾಡುವಾಗಲೇ ಡಿಸ್ಕ್ರೀನ್ ಆಯ್ಕೆ ಒತ್ತಿ. ಮುದ್ರಣವಾಗುವ ಅಳತೆಯಲ್ಲಿ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಬೇಕು. ಮ್ಯಾಪ್‌ಲಿಥೋ ಮಸಿಯನ್ನು ಹೀರುತ್ತದೆ, ಕಪ್ಪು ಇನ್ನಷ್ಟು ಕಪ್ಪಾಗುತ್ತದೆ. ಪರದೆಯ ಮೇಲೆ ಸ್ವಲ್ಪ ಪೇಲವವಾಗಿ ಕಾಣುವಷ್ಟು ತಿಳಿ ಮಾಡಿ ಕೊಡಿ. ಗ್ರಂಥಾಲಯಕ್ಕೆ ಹೋಗುವ ಪ್ರತಿಗೆ ಹೊಲಿಗೆ ಬೈಂಡಿಂಗ್ ಮಾಡಿಸಿ. ಬರೀ ಅಂಟಿನ ಬೆನ್ನು ನಾಲ್ಕು ಸಲ ಜೆರಾಕ್ಸ್ ಯಂತ್ರದ ಮೇಲೆ ಅಗಲಿಸಿದರೆ ಸೀಳುತ್ತದೆ, ಇತಿಹಾಸದ ಪುಸ್ತಕಕ್ಕೆ ಆ ಗತಿ ಖಂಡಿತ ಬರುತ್ತದೆ.

ತೂಕದ್ದೂ ಒಂದು ಲೆಕ್ಕ. 70 ಜಿಎಸ್‌ಎಂನಲ್ಲಿ 256 ಪುಟದ ಒಳಪುಟ ಸುಮಾರು 270 ಗ್ರಾಂ, 300 ಜಿಎಸ್‌ಎಂ ರಕ್ಷಾಪುಟ ಸೇರಿದರೆ 288. ಲಕೋಟೆ ಸೇರಿದ ಕೂಡಲೇ 300 ದಾಟುತ್ತದೆ. ಅಂಚೆ ಇಲಾಖೆಯ ಜ್ಞಾನ ಪೋಸ್ಟ್, 2025ರ ಮೇ 1ರಿಂದ ಬಂದದ್ದು, 300 ಗ್ರಾಂವರೆಗೆ 20 ರೂಪಾಯಿ, ಐದು ಕಿಲೋಗೆ 100. ಒಂದು ಫಾರಂ ಕಡಿಮೆ ಮಾಡಿ 240 ಪುಟಕ್ಕೆ ತಂದರೆ ಲಕೋಟೆ ಸಮೇತ ಮುನ್ನೂರರ ಒಳಗೆ ನಿಲ್ಲುತ್ತದೆ. ಇದಕ್ಕಾಗಿ ಪದಸೂಚಿ ಕಿತ್ತುಹಾಕಬೇಡಿ! ನಾಲ್ಕು ಮುನ್ನುಡಿಗಳಿವೆಯಲ್ಲ, ಅಲ್ಲಿಂದ ಶುರು ಮಾಡಿ.

ಪುಸ್ತಕದ ಗುರುತಿನ ಸಂಖ್ಯೆ ಐಎಸ್‌ಬಿಎನ್ ದೆಹಲಿಯ ರಾಜಾ ರಾಮಮೋಹನ ರಾಯ್ ಸಂಸ್ಥೆಯಿಂದ ಉಚಿತವಾಗಿ ಸಿಗುತ್ತದೆ. ಕಾಗದದ ಪ್ರತಿಗೆ ಒಂದು, ಇ-ಪುಸ್ತಕಕ್ಕೆ ಬೇರೆ. 1954ರ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬಯಿ, ದೆಹಲಿಯ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ನಿಮ್ಮ ಖರ್ಚಿನಲ್ಲಿ ಕಳಿಸಬೇಕು. ಅನೇಕರು ಕಳಿಸುವುದಿಲ್ಲ. ಕಳಿಸಿದ ಪುಸ್ತಕ ಐವತ್ತು ವರ್ಷದ ನಂತರವೂ ಸಿಗುತ್ತದೆ.

ಮಾರಾಟಕ್ಕೆ ಬಂದರೆ, ಮುಂಗಡ ಬುಕಿಂಗ್ ಹೊಸ ಉಪಾಯವೇನಲ್ಲ. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಗಿ ಚಂದಾದಾರರ ಬಲದ ಮೇಲೆ ನಿಂತಿತು. ಪುಸ್ತಕ ಪ್ರೆಸ್ಸಿಗೆ ಹೋಗುವ ಒಂದು ತಿಂಗಳು ಮೊದಲು ರಿಯಾಯಿತಿ ಬೆಲೆಗೆ ಮುಂಗಡ ತೆಗೆದುಕೊಂಡರೆ ಎಷ್ಟು ಪ್ರತಿ ಹಾಕಿಸಬೇಕೆಂಬುದು ಖಚಿತವಾಗುತ್ತದೆ. ಅಂಗಡಿಯ 112 ರೂಪಾಯಿಯನ್ನು ಓದುಗರೂ ನೀವೂ ಹಂಚಿಕೊಳ್ಳಬಹುದು. ಪುಸ್ತಕ ಯಾವ ಊರಿನದೋ ಆ ಊರಿನಲ್ಲೇ ಮೊದಲು ಮಾರಿ, ಅಲ್ಲಿ ಪುಸ್ತಕದಂಗಡಿ ಇಲ್ಲದಿದ್ದರೆ ನೋಟ್‌ಬುಕ್ ಮಾರುವ ಅಂಗಡಿಯಲ್ಲಿ ಹತ್ತು ಪ್ರತಿ ಇಡಿ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಖಂಡಿತ ಅರ್ಜಿ ಹಾಕಿ, ಆದರೆ ಅದನ್ನು ಬಂಡವಾಳದ ಲೆಕ್ಕಕ್ಕೆ ಸೇರಿಸಬೇಡಿ. ಆಯ್ಕೆಯೂ ಹಣವೂ ಯಾವಾಗ ಬರುತ್ತವೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಅಲ್ಲಿ ಬೆಲೆಯನ್ನು ಪುಟದ ಲೆಕ್ಕದಲ್ಲಿ ಕಟ್ಟುವ ಪದ್ಧತಿಯಲ್ಲಿ, ಮೂರು ತಿಂಗಳು ಕಡತ ಹುಡುಕಿ ಬರೆದ ಪುಟಕ್ಕೂ ಸುಮ್ಮನೆ ಹಿಗ್ಗಿಸಿದ ಪುಟಕ್ಕೂ ಒಂದೇ ದರ.

ಕೊನೆಯದಾಗಿ ಮರುಮುದ್ರಣ. ಪುಸ್ತಕ ಹೊರಬಂದ ದಿನವೇ ಒಂದು ಪ್ರತಿಯ ಮೇಲೆ "ತಿದ್ದುಪಡಿ ಪ್ರತಿ" ಎಂದು ಬರೆದು ಕಚೇರಿಯಲ್ಲಿ ಇಡಿ. ಓದುಗರು ಪತ್ರದಲ್ಲಿ, ಫೋನಿನಲ್ಲಿ, ವಾಟ್ಸಾಪಿನಲ್ಲಿ ತಿಳಿಸಿದ ಪ್ರತಿ ತಪ್ಪನ್ನೂ ಅದೇ ಪುಟದ ಅಂಚಿನಲ್ಲಿ, ತಿಳಿಸಿದವರ ಹೆಸರು, ದಿನಾಂಕದ ಸಮೇತ ಬರೆಯಿರಿ. ಮರುಮುದ್ರಣದ ಹೊತ್ತಿಗೆ ಲೇಖಕರ ಮುಂದೆ ಅದನ್ನು ಇಡಿ. ತಿದ್ದುವಾಗ ಪುಟ ಸರಿಯದಂತೆ ನೋಡಿಕೊಳ್ಳಿ: ಮೂರು ಪದ ಸೇರಿಸಿದರೆ ಅದೇ ಪ್ಯಾರಾದಲ್ಲಿ ಮೂರು ಪದ ತೆಗೆಸಿ. ಆಗಲೇ ನಿಮ್ಮ ಪುಸ್ತಕವನ್ನು ಉಲ್ಲೇಖಿಸಿರುವವರ ಪುಟಸಂಖ್ಯೆಗಳು ಕೆಡಬಾರದು. ಹೊಸ ದಾಖಲೆ ಸಿಕ್ಕಿ ಅಧ್ಯಾಯವೇ ಬದಲಾಗಬೇಕಾದರೆ ಅದನ್ನು ಮರುಮುದ್ರಣ ಎನ್ನಬೇಡಿ. ಪರಿಷ್ಕೃತ ಆವೃತ್ತಿ ಎಂದು ಮುದ್ರಣ ವಿವರದ ಪುಟದಲ್ಲಿ ಇಸವಿ ಸಮೇತ ಹಾಕಿ, ಹೊಸ ಐಎಸ್‌ಬಿಎನ್ ಪಡೆಯಿರಿ, ಏನೇನು ಬದಲಾಗಿದೆ ಎಂದು ಅರ್ಧ ಪುಟ ಬರೆಸಿ.